ಯಾರದೂ ಆಗಬಾರದ ಮುಖ

ಓರಿಯಾನೊನ ಕೈ ಒಳ್ಳೆಯದು ಎಂದು ಕಾಸ್ತೆಲ್‌ಫೊಂದೊ ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಮನಸ್ಸು ಕೈಗಿಂತಲೂ ಒಳ್ಳೆಯದು ಎಂದು ಕೆಲವರು ಸೇರಿಸುತ್ತಿದ್ದರು. ಮೊದಲನೆಯ ಮಾತು ನಿಜ. ಎರಡನೆಯದನ್ನು ಅವನೂ ನಂಬಿಕೊಂಡು ಕೂತಿದ್ದ. ನಂಬದೆ ಇದ್ದಿದ್ದರೆ ಆ ವರ್ಷದ ಕಾರ್ನಿವಲ್ ಹಬ್ಬದಲ್ಲಿ ಅವನಿಗೆ ಅಷ್ಟೊಂದು ನಾಚಿಕೆ ಆಗುತ್ತಿರಲಿಲ್ಲ.

ಹೊಟ್ಟೆಪಾಡಿಗೆ ಅವನು ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಚಳಿಗಾಲ ಬಂದು ಬಯಲಿನ ಮೇಲೆ ಮಂಜು ಕೂತಿತೆಂದರೆ ಬೋರ್ಡು ಮೂಲೆಗೆ ಸೇರಿ, ಅವನು ಕಾಲುವೆ ಕೇರಿಯ ಗಾಡಿಗೆ ತಲೆ ಮಾಡಲು ಹೊರಡುತ್ತಿದ್ದ. ಗಾಡಿ ಎಂದರೆ ಮೆರವಣಿಗೆಯ ಗಾಡಿ. ಮನೆಯಷ್ಟು ಎತ್ತರದ ಕಾಗದದ ಬೊಂಬೆಗಳನ್ನು ಹೊತ್ತು ಚೌಕದಲ್ಲಿ ಸುತ್ತುವಂಥದ್ದು. ಊರಿನಲ್ಲಿ ಎರಡು ಕೇರಿ, ಎರಡು ಗಾಡಿ, ಒಂದೇ ಜಗಳ. ಗೋಪುರದ ಕೇರಿಯವರು ತಾವೇ ಮೇಲು ಎನ್ನುತ್ತಾರೆ. ಅವರು ಹೇಳಿಕೊಳ್ಳಲಿ ಬಿಡಿ.

ಓರಿಯಾನೊನ ಹೆಂಡತಿ ಯೋಲೆ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಯೋಲೆಯ ತಾಯಿ ಚೆಸೀರಾ ಮಾತ್ರ ಅವನ ಜೊತೆಗೇ ಉಳಿದಿದ್ದಳು. ಎಂಬತ್ತರ ಹತ್ತಿರದ ವಯಸ್ಸು, ಎರಡೂ ಮಂಡಿ ಕೈಕೊಟ್ಟಿದ್ದವು. ಕೆಳಗೆ ಅವನ ಬೋರ್ಡು ಬರೆಯುವ ಕೋಣೆ, ಮೇಲೆ ಅವಳ ಕುರ್ಚಿ, ಕುರ್ಚಿಯ ಮುಂದೆ ಕಿಟಕಿ, ಕಿಟಕಿಯ ಕೆಳಗೆ ಕಾಲುವೆ ಬೀದಿ, ಬೀದಿಯ ಆಚೆ ಬದಿಗೆ ಗಾಡಿ ಕಟ್ಟುವ ಹಳೆಯ ಸೆಣಬಿನ ಗೋದಾಮು. ಅವನು ಎಲ್ಲಿದ್ದರೂ ಅವಳ ಧ್ವನಿ ಮುಟ್ಟುತ್ತಿತ್ತು.

"ಓರಿಯಾ...ನೋ!"

ನೀರು ಬೇಕು. ಕಿಟಕಿ ಹಾಕು. ಕಿಟಕಿ ತೆಗೆ. ಕಾಲು ಮರಗಟ್ಟಿದೆ, ಎತ್ತಿ ಮಣೆಯ ಮೇಲಿಡು. ಎದ್ದು ಆ ಮೂಲೆಯ ಬಚ್ಚಲಿಗೆ ಹೋಗಬೇಕು, ಕೈ ಕೊಡು. ಹೆಸರಿನ ನಡುವೆ ಅವಳ ಬಾಯಿ ಪೂರ್ತಿ ತೆರೆದುಕೊಂಡು, ಕುತ್ತಿಗೆಯ ನರ ಎದ್ದು, ಎಡಗಣ್ಣು ಅರ್ಧ ಮುಚ್ಚುತ್ತಿತ್ತು. ಬೀದಿಯಲ್ಲಿ ಹೋಗುವವರು ನಕ್ಕು, "ಹೋಗಪ್ಪ, ಮಹಾರಾಣಿ ಕರೀತಿದಾರೆ" ಎನ್ನುತ್ತಿದ್ದರು. ಅವನು ಕುಂಚ ಕೆಳಗಿಟ್ಟು, "ಬಂದೆ ಅತ್ತೆ" ಎಂದು ಮೆಟ್ಟಿಲು ಹತ್ತುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಗ ಕೂಡ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ಊರು ಅವನನ್ನು ಹೊಗಳಿ ಅಟ್ಟಕ್ಕೇರಿಸಿತ್ತು. ಪಾದ್ರಿಗಳು ಒಮ್ಮೆ ಚರ್ಚಿನ ಉಪದೇಶದ ನಡುವೆಯೇ ಅವನ ಕಡೆ ತಿರುಗಿ ತಲೆಯಾಡಿಸಿದ್ದರು. ಅವನು ಒಂದು ದಿನವೂ ಅವಳ ಮುಂದೆ ಮುಖ ಗಂಟು ಹಾಕಿದವನಲ್ಲ. ಆ ಗಂಟು ಮತ್ತೆಲ್ಲಿಗೆ ಹೋಗುತ್ತಿತ್ತು ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ.

ಕಾಸ್ತೆಲ್‌ಫೊಂದೊದ ಕಾರ್ನಿವಲ್‌ನಲ್ಲಿ ಗಾಡಿಯ ಮೇಲೆ ಯಾರ ಮುಖವನ್ನಾದರೂ ಹಾಕಬಹುದು. ಮೇಯರ್, ಔಷಧಿ ಅಂಗಡಿಯವನು, ಬ್ಯಾಂಡಿನ ಮೇಷ್ಟ್ರು, ಯಾರೂ ಬೇಡವೆನ್ನುವ ಹಾಗಿಲ್ಲ. ತನ್ನ ಮುಖ ಗಾಡಿಯ ಮೇಲೆ ಕಂಡವನು ಕೋಪ ಮಾಡಿಕೊಳ್ಳಕೂಡದು. ಆ ತಲೆಯ ಕೆಳಗೆ ಬಂದು ನಿಂತು, ಮಾಡಿದವರಿಗೆಲ್ಲ ತನ್ನ ಕೈಯಾರೆ ವೈನ್ ಸುರಿದು ಕೊಡಬೇಕು. ಹಬ್ಬ ಮುಗಿದ ಮೇಲೆ ಆ ತಲೆಯನ್ನು ಅವನಿಗೇ ಕೊಟ್ಟುಬಿಡುತ್ತಾರೆ. ಔಷಧಿ ಅಂಗಡಿಯವನು ತನ್ನದನ್ನು ಬಾಗಿಲ ಮೇಲೆ ತೂಗುಹಾಕಿಕೊಂಡು ಇವತ್ತಿಗೂ ಮೆರೆಯುತ್ತಾನೆ. ಅದೊಂದು ಮರ್ಯಾದೆ. ಗಾಡಿಯ ಮೇಲೆ ಒಮ್ಮೆಯೂ ಏರದೆ ಸತ್ತವರನ್ನು ಕಂಡರೆ ಊರಿಗೆ ಒಳಗೊಳಗೇ ಕನಿಕರ.

ಒಂದು ಮುಖ ಮಾತ್ರ ಬೇರೆ. ಅದು ಮುದುಕಿ. ಹಬ್ಬದ ಕೊನೆಯ ಮಂಗಳವಾರ ಅವಳನ್ನು ಹೊಳೆ ದಂಡೆಗೆ ಒಯ್ದು ಸುಡುತ್ತಾರೆ. ಚಳಿ, ಹಸಿವು, ಹಳೆಯ ವರ್ಷದ ಪೀಡೆ ಎಲ್ಲ ಅವಳೇ. ಒಂದು ವರ್ಷ ಗೋಪುರದ ಕೇರಿ ಮಾಡಿದರೆ ಮುಂದಿನ ವರ್ಷ ಕಾಲುವೆ ಕೇರಿ. ಸುಡುವ ಮುಖವಾದ್ದರಿಂದ ಅದು ಯಾರ ಮುಖವೂ ಆಗಿರಬಾರದು. ಯಾರೂ ಇದನ್ನು ಎಲ್ಲೂ ಬರೆದಿಟ್ಟಿಲ್ಲ. ಬಾಯಿಬಿಟ್ಟು ಹೇಳುವ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ. ಆ ವರ್ಷ ಮುದುಕಿಯ ಸರದಿ ಕಾಲುವೆ ಕೇರಿಯದು.

ಓರಿಯಾನೊ ಗೋದಾಮಿನ ಹಿಂಭಾಗದಲ್ಲಿ ಹೊಳೆಯ ಜೇಡಿಮಣ್ಣು ಗುಡ್ಡೆ ಹಾಕಿಕೊಂಡು ಕೆಲಸ ಶುರು ಮಾಡಿದ. ಮಣ್ಣಿನ ತಲೆಯನ್ನು ಮಾಡುವವನ ಹೊರತು ಬೇರೆ ಯಾರೂ ನೋಡಕೂಡದು. ಹಿಂದೊಮ್ಮೆ ಗೋಪುರದವರು ಕಿಂಡಿಯಲ್ಲಿ ಇಣುಕಿ, ಅದೇ ತಲೆಯನ್ನು ತಾವು ಮೊದಲು ಹೊರತಂದು ಮಾನ ಕಳೆದಿದ್ದರು. ಅಂದಿನಿಂದ ಈ ಕಟ್ಟುನಿಟ್ಟು. ಮಣ್ಣಿನ ಮೇಲೆ ಒದ್ದೆ ಗೋಣಿ, ಗೋಣಿಯ ಮುಂದೆ ಬೀಗ.

ಮುದುಕಿ ಬರಲೊಲ್ಲಳು. ಕೊಕ್ಕೆ ಮೂಗು ಮಾಡಿದ, ಕೆಡವಿದ. ಬೋಳು ದವಡೆ ಮಾಡಿದ, ಅದನ್ನೂ ಕೆಡವಿದ. ಎಲ್ಲವೂ ಅಂಗಡಿಯಲ್ಲಿ ಸಿಗುವ ಮುಖವಾಡದ ಹಾಗೆ ಕಾಣುತ್ತಿತ್ತು. ಒಂದು ಮಧ್ಯಾಹ್ನವಂತೂ ಚೆಸೀರಾ ಅವನನ್ನು ನೆಲದ ಮೇಲೆ ನಿಲ್ಲಗೊಡಲಿಲ್ಲ. ಶಾಲು ಜಾರಿತು ಎಂದು ಕರೆದಳು. ಹತ್ತಿ ಸರಿಮಾಡಿ ಬಂದು ಕೈ ಮಣ್ಣಿಗಿಡುವಷ್ಟರಲ್ಲಿ ಕನ್ನಡಕ ಬಿತ್ತು ಎಂದು ಕರೆದಳು. ಆಮೇಲೆ ಸುಮ್ಮನೆ ಕರೆದಳು.

"ಮುದುಕಿ ಹೇಗೆ ಬರ್ತಿದಾಳೋ?"

"ಬರ್ತಿದಾಳೆ ಅತ್ತೆ."

"ಬಾಯಿ ದೊಡ್ಡದಾಗಿ ಮಾಡು ಕಣೋ. ಹಿಂದೆ ನಿಂತೋರಿಗೂ ಕಾಣ್ಬೇಕು."

"ಮಾಡ್ತೀನಿ ಅತ್ತೆ."

ಅವಳಿಗೂ ಆ ಕೆಲಸದ ಒಳಹೊರಗು ಗೊತ್ತಿತ್ತು. ಮಂಡಿ ನೆಟ್ಟಗಿದ್ದ ಕಾಲದಲ್ಲಿ ಕೇರಿಯ ಕಾಗದ ಅಂಟಿಸುವ ಹೆಂಗಸರಿಗೆಲ್ಲ ಅವಳೇ ಯಜಮಾನಿ. ಆದರೂ ಅವಳ ಮುಖ ಮಾತ್ರ ಒಮ್ಮೆಯೂ ಗಾಡಿಯ ಮೇಲೆ ಏರಿರಲಿಲ್ಲ.

ಓರಿಯಾನೊ ಕೆಳಗಿಳಿದು ಬಂದು ಮಣ್ಣಿಗೆ ಕೈ ಹಾಕಿದ. ಆಗ ಬಂತು ನೋಡಿ. ತಡೆಯಿಲ್ಲದೆ ಬಂತು. ಗುಹೆಯಂಥ ಬಾಯಿ, ಅದರ ಸುತ್ತ ಹಗ್ಗದಂತೆ ಬಿಗಿದ ಕುತ್ತಿಗೆ, ಅರ್ಧ ಮುಚ್ಚಿದ ಎಡಗಣ್ಣು, ಎಷ್ಟು ಕೊಟ್ಟರೂ ಸಾಲದೆಂಬ ನೋಟ. ಕೈ ತಾನಾಗಿ ಹೋಗುತ್ತಿತ್ತು, ಅವನು ಹಿಂದೆ ಹಿಂದೆ ಹೋಗುತ್ತಿದ್ದ. ಮುಗಿದಾಗ ಅವನ ಎದೆ ಎಷ್ಟೋ ವರ್ಷದಲ್ಲಿ ಆಗದಷ್ಟು ಹಗುರಾಯಿತು. ಇದನ್ನು ಎಲ್ಲಿ ನೋಡಿದ್ದೇನೆ ಎಂಬ ಒಂದು ಸಣ್ಣ ಯೋಚನೆ ಬಂದು ನಿಂತಿತು. ಅವನು ಅದರ ಮೇಲೂ ಗೋಣಿ ಹೊದಿಸಿ ಬೀಗ ಹಾಕಿದ.

ಮುಂದಿನ ಕೆಲಸದಲ್ಲಿ ಯಾರಾದರೂ ಕಂಡುಹಿಡಿಯಬಹುದಿತ್ತು ಎಂದುಕೊಂಡರೆ, ಅದೂ ಸಾಧ್ಯವಿರಲಿಲ್ಲ. ಓರಿಯಾನೊ ಒಬ್ಬನೇ ಮಣ್ಣಿನ ತಲೆಯ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆದು, ಆ ಅಚ್ಚನ್ನು ತುಂಡು ತುಂಡಾಗಿ ಹೆಂಗಸರ ಮುಂದೆ ಹರಡಿದ. ತುಂಡುಗಳೆಲ್ಲ ಒಳಮೈ. ಉಬ್ಬಿದ್ದೆಲ್ಲ ತಗ್ಗು, ತಗ್ಗಿದ್ದೆಲ್ಲ ಉಬ್ಬು. ಅದರೊಳಗೆ ಮೈದಾ ಅಂಟಿನಲ್ಲಿ ಅದ್ದಿದ ಹಳೆಯ ಪತ್ರಿಕೆಯ ಚೂರುಗಳನ್ನು ಪದರ ಪದರವಾಗಿ ಒತ್ತಬೇಕು. ಈಗಿನ ಯಜಮಾನಿ ದಿರ್ಚೆ ಗಲ್ಲದ ಬೋಗುಣಿಯೊಳಗೆ ಅರ್ಧ ಇಳಿದು ಕೂತು, "ಈ ಮುದುಕಿಗೆ ಇನ್ನೂ ಎಷ್ಟು ತಿನ್ನಿಸ್ಬೇಕಪ್ಪ ಪೇಪರು, ಹೊಟ್ಟೇನೇ ತುಂಬ್ತಿಲ್ಲ ಇವಳಿಗೆ" ಎಂದು ನಗಿಸುತ್ತಿದ್ದಳು. ಒಬ್ಬಳು ಮೂಗಿನ ಹೊಳ್ಳೆಯೊಳಗೆ ತಲೆ ಹಾಕಿದ್ದರೆ ಇನ್ನೊಬ್ಬಳು ಕೆನ್ನೆಯೊಳಗೆ ಮಲಗಿದ್ದಳು. ಒಳಗಿನಿಂದ ನೋಡಿದರೆ ಯಾವ ಮುಖವೂ ಯಾರದೂ ಅಲ್ಲ.

ಮೆಕ್ಯಾನಿಕ್ ವೈನೆರ್ ತಲೆಯೊಳಗಿನ ಹಗ್ಗಗಳನ್ನು ಕಟ್ಟಿದ. ಅವನು ಓರಿಯಾನೊನ ಬಾಲ್ಯದ ಗೆಳೆಯ, ದೊಡ್ಡ ಗಂಟಲಿನ ಮನುಷ್ಯ. ಮೆರವಣಿಗೆಯಲ್ಲಿ ತಲೆಯೊಳಗೆ ಕೂತು ಹಗ್ಗ ಎಳೆದರೆ ದವಡೆ ಮುಚ್ಚುತ್ತದೆ, ಬಿಟ್ಟರೆ ಬಾಯಿ ಬೀಳುತ್ತದೆ. ಅವನೂ ಕಂಡದ್ದು ಒಳಗನ್ನೇ. ಗೋಣಿ ಮುಚ್ಚಿದ ತುಂಡುಗಳನ್ನು ಗಾಡಿಯ ಮೇಲೆ ಏರಿಸಿ ಕೂಡಿಸಿದ ಮೇಲೆ, ಸುತ್ತ ಬಟ್ಟೆ ಕಟ್ಟಿ, ಏಣಿಯ ಮೇಲೆ ಒಬ್ಬನೇ ನಿಂತು ಓರಿಯಾನೊ ಬಣ್ಣ ಹಚ್ಚಿದ. ಕೊನೆಗೆ ಗಲ್ಲದ ಎಡಕ್ಕೆ ಒಂದು ನರಹುಲಿ, ಅದರಿಂದ ಹೊರಟ ಮೂರು ಬಿಳಿಯ ಕೂದಲು ಬರೆದ. ಅದನ್ನು ಬರೆದಾಗಲಾದರೂ ತನಗೆ ತಿಳಿಯಬೇಕಿತ್ತು ಎಂದು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ. ಮೂರು ಕೂದಲನ್ನು ಯಾರೂ ಗಾಳಿಯಿಂದ ತರುವುದಿಲ್ಲ.

ಭಾನುವಾರ ಮಂಜು ಮಧ್ಯಾಹ್ನಕ್ಕೆ ಸರಿಯಿತು. ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿ ವರ್ಷದಂತೆ ಓರಿಯಾನೊ ಮತ್ತು ವೈನೆರ್ ಚೆಸೀರಾಳನ್ನು ಕುರ್ಚಿ ಸಮೇತ ಹೊತ್ತು ತಂದು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಮಡಿಲಲ್ಲಿ ಕರಿದ ಸಿಹಿ ಪಟ್ಟಿಗಳ ಪೊಟ್ಟಣ, ಕೋಟಿನ ಮೇಲೆಲ್ಲ ಸಕ್ಕರೆ ಪುಡಿ. ಗೋಪುರದ ಕೇರಿಯ ಗಾಡಿ ಬಂತು, ಬ್ಯಾಂಡಿನ ಮೇಷ್ಟ್ರನ್ನು ಕಪ್ಪೆ ಮಾಡಿದ್ದರು, ಮೇಷ್ಟ್ರು ತಲೆ ಕೆರೆದುಕೊಂಡು ವೈನ್ ಸುರಿದರು, ಜನ ನಕ್ಕರು. ಆಮೇಲೆ ಕಾಲುವೆ ಕೇರಿಯ ಗಾಡಿ ಬಂದು ನಿಂತಿತು. ದಿರ್ಚೆ ಬಟ್ಟೆ ಎಳೆದಳು.

ಮುದುಕಿಯನ್ನು ಕಂಡು ಜನ ಒಮ್ಮೆಲೇ ಉಸಿರೆಳೆದುಕೊಂಡರು. ಅಂಥ ತಲೆ ಆ ಊರು ಕಂಡಿರಲಿಲ್ಲ. ಓರಿಯಾನೊ ಗಾಡಿಯ ಪಕ್ಕ ನಿಂತು ಆ ಉಸಿರನ್ನು ಕೇಳಿ ಹಿಗ್ಗಿದ. ಆಗ ಒಳಗಿದ್ದ ವೈನೆರ್ ಹಗ್ಗ ಬಿಟ್ಟ. ದವಡೆ ಬಿತ್ತು, ಬಾಯಿ ತೆರೆಯಿತು, ಕುತ್ತಿಗೆ ಮುಂದಕ್ಕೆ ಬಂತು. ಗುಂಪಿನ ನಡುವಿನಿಂದ ಯಾವನೋ ಕುಡಿದವನು, ತಮಾಷೆಗೆ, ಚೆಸೀರಾಳ ಧ್ವನಿಯಲ್ಲೇ ಕೂಗಿದ.

"ಓರಿಯಾ...ನೋ!"

ಇಡೀ ಚೌಕ ಘೊಳ್ಳೆಂದು ನಕ್ಕಿತು. ಆ ಮೇಲೆ ನಗು ಮುಂದಿನ ಸಾಲಿನಿಂದ ಶುರುವಾಗಿ ಹಿಂದಿನವರೆಗೆ ಒಂದೊಂದಾಗಿ ನಿಂತಿತು. ಜನ ಗಾಡಿಯ ಮೇಲಿನ ಮುಖವನ್ನು ನೋಡಿದರು, ಕುರ್ಚಿಯಲ್ಲಿದ್ದ ಮುಖವನ್ನು ನೋಡಿದರು. ಇದು ಮೇಯರ್ ಅಲ್ಲ, ಕಪ್ಪೆಯಾದ ಮೇಷ್ಟ್ರಲ್ಲ. ಇವಳು ಮುದುಕಿ, ಮಂಗಳವಾರ ಸುಡುವವಳು. ತಲೆಯೊಳಗೆ ಕೂತ ವೈನೆರ್ ಏನೂ ಗೊತ್ತಾಗದೆ ಹಗ್ಗ ಎಳೆದು ಬಿಟ್ಟು ಮಾಡುತ್ತಲೇ ಇದ್ದ. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

ಓರಿಯಾನೊ ತಲೆ ಎತ್ತಿ ಜನ ನೋಡುವುದನ್ನು ತಾನೂ ನೋಡಿದ. ಆ ನೋಟ ಅವಳದಲ್ಲ. ಅವಳು ಹಾಗೆ ನೋಡಿದವಳಲ್ಲ. ಮೆಟ್ಟಿಲು ಹತ್ತುವಾಗಲೆಲ್ಲ ಅವನು ಅವಳನ್ನು ಕಂಡ ಬಗೆ ಅದು. ಒಳಗೆ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ತಾನೇ ಬಣ್ಣ ಹಚ್ಚಿ, ಮನೆಯೆತ್ತರ ಮಾಡಿ, ಊರ ನಡುವೆ ತಂದು ನಿಲ್ಲಿಸಿದ್ದ. ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು. ಪಾದ್ರಿಗಳು ಅವನ ಕಡೆ ತಿರುಗದೆ ಗೋಪುರದ ಗಡಿಯಾರ ನೋಡುತ್ತಿದ್ದರು.

ಆಗ ಚಪ್ಪಾಳೆಯ ಸದ್ದು ಕೇಳಿತು. ಒಬ್ಬರದೇ ಚಪ್ಪಾಳೆ. ಚೆಸೀರಾ, ಸಕ್ಕರೆ ಹತ್ತಿದ ಕೈಗಳನ್ನು ತಟ್ಟುತ್ತಿದ್ದಳು.

"ಭಲೇ! ಹೇಳಿದ ಹಾಗೇ ಮಾಡಿದೀಯಲ್ಲೋ!" ಎಂದು ಕೂಗಿದಳು. ಆಮೇಲೆ ಸುತ್ತಲಿನವರ ಕಡೆ ತಿರುಗಿ, "ಏನ್ರೋ ಹಾಗೆ ನೋಡ್ತೀರ? ನಾನೇ ಹೇಳಿದ್ದು, ನನ್ನ ಮುಖ ಹಾಕು ಅಂತ. ಇನ್ನು ಯಾವಾಗ ಹಾಕ್ತಾರೆ ನನ್ನ, ಸತ್ತ ಮೇಲಾ? ಬಾಯಿ ದೊಡ್ಡದಾಗಿ ಮಾಡೋ ಅಂದಿದ್ದೆ, ಮಾಡಿದಾನೆ. ಎಲ್ಲಿ ವೈನು? ನಾನು ಸುರೀಬೇಕು ತಾನೆ?" ಎಂದಳು.

ಚೌಕಕ್ಕೆ ಹೋದ ಜೀವ ಬಂದಂತಾಯಿತು. ಜನ ಮೊದಲಿಗಿಂತ ಜೋರಾಗಿ ನಕ್ಕರು, ಟೋಪಿ ಎಸೆದರು. ಅವಳ ಕುರ್ಚಿಯನ್ನು ಎತ್ತಿ ಗಾಡಿಯ ಕೆಳಗೆ ಇಟ್ಟರು. ಅವಳು ಕೈಯಾರೆ ಎಲ್ಲರಿಗೂ ಕೆಂಪು ವೈನ್ ಸುರಿದಳು. ಓರಿಯಾನೊನ ಸರದಿ ಬಂತು. ಅವನು ಲೋಟ ಹಿಡಿದು ಅವಳ ಮುಂದೆ ನಿಂತ. ಇಲ್ಲ, ಅವಳು ಹೇಳಿರಲಿಲ್ಲ, ನಾನೇ ಮಾಡಿದ್ದು ಎಂದು ಅನ್ನಬಹುದಾಗಿದ್ದ ಗಳಿಗೆ ಅದು. ಅವನು ಲೋಟ ಎತ್ತಿ ಕುಡಿದ. ಯಾರೋ ಬೆನ್ನು ತಟ್ಟಿ, "ಅತ್ತೆ ಅಳಿಯ ಸೇರ್ಕೊಂಡು ಊರನ್ನೇ ಮಂಗ ಮಾಡಿದ್ರಲ್ಲಪ್ಪ!" ಎಂದರು. ಅವನು ಹಲ್ಲು ಕಿರಿದ.

ಸೋಮವಾರ ಬೆಳಿಗ್ಗೆ ದಿರ್ಚೆ ಮತ್ತು ವೈನೆರ್ ಗೋದಾಮಿಗೆ ಬಂದರು. ದಿರ್ಚೆಯನ್ನು ಯಾರೂ ಸುಲಭಕ್ಕೆ ಮಂಗ ಮಾಡಲಾಗುವುದಿಲ್ಲ.

"ನಿಜ ಹೇಳು. ಅವರು ಹೇಳಿದ್ರಾ?" ಎಂದಳು.

ಓರಿಯಾನೊ ಕುಂಚ ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದ.

"ಹೇಳಿದಾರೆ ಅಂತ ಅವರೇ ಅಂದ್ರಲ್ಲ," ಎಂದು ವೈನೆರ್ ನಡುವೆ ಬಾಯಿ ಹಾಕಿದ. "ನಿಂದೊಂದು ಯಾವಾಗ್ಲೂ ಇರತ್ತೆ ದಿರ್ಚೆ."

"ನೀನು ಸುಮ್ನಿರು, ಬಾಯೊಳಗೆ ಕೂತಿದ್ದೋನೆ. ನಿನಗೇನು ಕಾಣತ್ತೆ? ನಾನು ಮುಂದೆ ನಿಂತಿದ್ದೆ. ಬಟ್ಟೆ ಎಳೆದಾಗ ಆ ಅಮ್ಮನ ಮುಖ ನೋಡಿದೀನಿ. ಹೇಳಿ ಮಾಡಿಸ್ಕೊಂಡವರ ಮುಖ ಅಲ್ಲ ಅದು." ಅವಳು ಓರಿಯಾನೊನ ಕಡೆ ತಿರುಗಿದಳು. "ನಂಗೆ ಕಾಗದ ಹರಿಯೋದು ಕಲಿಸಿದವರು ಅವರು. ಮೂಗು ಬದಲಾಯ್ಸು, ಮೀಸೆ ಬರಿ, ಏನಾದ್ರೂ ಮಾಡು. ನಾಳೆ ಆ ಮುಖ ಸುಡೋದನ್ನ ನಾನು ನೋಡಲ್ಲ."

ಅಷ್ಟರಲ್ಲಿ ಬೀದಿಯಾಚೆಯ ಕಿಟಕಿಯಿಂದ ಚೆಸೀರಾಳ ಮಾತು ಬಂತು. ಎಷ್ಟು ಕೇಳಿಸಿಕೊಂಡಿದ್ದಳೋ ದೇವರಿಗೇ ಗೊತ್ತು.

"ಯಾರಾದ್ರೂ ನನ್ನ ಮೂಗು ಮುಟ್ಟಿದ್ರೆ ನೋಡಿ ಮತ್ತೆ! ದಿರ್ಚೆ, ನಿನಗೆ ಹೊಟ್ಟೆಕಿಚ್ಚು ಕಣೆ, ನಿನ್ನ ಹಾಕಲಿಲ್ಲ ಅಂತ!"

ದಿರ್ಚೆಯ ಮುಖ ಕೆಂಪಗಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಹೊರಟುಹೋದಳು. ವೈನೆರ್ ಹೆಗಲು ಕುಣಿಸಿ ಅವಳ ಹಿಂದೆ ನಡೆದ.

ಓರಿಯಾನೊ ಬೀದಿ ದಾಟಿ ಮೆಟ್ಟಿಲು ಹತ್ತಿದ. ಅವಳು ಕರೆದಿರಲಿಲ್ಲ. ಕರೆಯದೆ ಅವನು ಹಾಗೆ ಹತ್ತಿ ಹೋದದ್ದು ಯಾವಾಗ ಎಂದು ಅವನಿಗೆ ನೆನಪಾಗಲಿಲ್ಲ. ಅವಳ ಮುಂದಿನ ಮಣೆಯ ಮೇಲೆ ಕೂತ.

"ಅತ್ತೆ, ನಾನು ಬೇಕು ಅಂತ ಮಾಡಿದ್ದಲ್ಲ."

ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಆಮೇಲೆ, "ಗೊತ್ತು," ಎಂದಳು. "ಬೇಕು ಅಂತ ಮಾಡಿದ್ದಿದ್ರೆ ಅಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಅವಳ ಚಪ್ಪಲಿ ನೋಡಿದ.

"ತಮಾಷೆಗೆ ಮಾಡಿದ್ರೆ ಅದರಲ್ಲಿ ಒಂಚೂರು ನಗು ಇರತ್ತೆ ಕಣೋ. ಕಪ್ಪೆ ಮಾಡಿದಾರಲ್ಲ ಮೇಷ್ಟ್ರನ್ನ, ಆ ಥರ. ನಿಂದ್ರಲ್ಲಿ ಇರ್ಲಿಲ್ಲ. ನಾನು ಇದ್ದ ಹಾಗೆ ಇದ್ದೆ."

"ನೀವು ಹಾಗಿಲ್ಲ ಅತ್ತೆ."

"ಈಗ ಸುಳ್ಳು ಬೇಡ. ನಿನ್ನೆ ನಾನು ಹೇಳಿದ್ದೇ ಸಾಕು." ಅವಳು ನಿನ್ನೆಯ ಪೊಟ್ಟಣದಿಂದ ಮಡಿಲಿಗೆ ಬಿದ್ದಿದ್ದ ಸಕ್ಕರೆ ಕೊಡವಿದಳು. "ಊರಿಗೆ ಹಾಗೇ ಇರ್ಲಿ. ನಾನು ಕೇಳಿದೆ, ನೀನು ಮಾಡಿದೆ. ಜನ ನಿನ್ನ ಒಳ್ಳೆಯವನು ಅಂತಾರೆ, ಅದನ್ನ ಯಾಕೆ ಕಳ್ಕೋತೀಯ? ನೀನು ಒಳ್ಳೆಯವನೇ. ಮಾಡೋದೆಲ್ಲ ಮಾಡಿದೀಯ. ಇಷ್ಟ ಇರ್ಲಿಲ್ಲ, ಅಷ್ಟೇ."

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕಾಲು ಹಿಡಿದು ಕ್ಷಮಿಸಿ ಅನ್ನಬಹುದಿತ್ತು. ಅವಳು ಲೆಕ್ಕ ಒಪ್ಪಿಸಿದವಳಂತೆ ಹೇಳಿ ಮುಗಿಸಿದ್ದಳು. ಅದರಲ್ಲಿ ತಪ್ಪು ಹುಡುಕಲು ಅವನಿಗೆ ಏನೂ ಸಿಗಲಿಲ್ಲ. "ನಾಳೆ ನನ್ನ ಆ ಒಳ್ಳೆ ಕೋಟು ತೆಗೆದಿಡು," ಎಂದು ಅವಳು ಮಾತು ಬದಲಿಸಿದಳು.

ಮಂಗಳವಾರ ಸಂಜೆಗೆ ಊರೆಲ್ಲ ಹೊಳೆ ದಂಡೆಯಲ್ಲಿತ್ತು. ದಿರ್ಚೆ ಒಬ್ಬಳು ಬಂದಿರಲಿಲ್ಲ. ಚೆಸೀರಾ ಒಳ್ಳೆಯ ಕೋಟು, ತಲೆಗೆ ರೇಷ್ಮೆ ವಸ್ತ್ರ ಕಟ್ಟಿಕೊಂಡು ಮದುವೆಗೆ ಬಂದವಳ ಹಾಗೆ ಕೂತಿದ್ದಳು. ಬಂದವರೆಲ್ಲ ಅವಳ ಕೈ ಕುಲುಕಿದರು. ಮೇಯರ್ ಬಗ್ಗಿ ಮುತ್ತಿಟ್ಟ. ಮುದುಕಿಗೆ ಬೆಂಕಿ ಇಡುವವನು ಮಾಡಿದವನೇ. ಓರಿಯಾನೊ ಪಂಜು ಹಿಡಿದು ಅತ್ತೆಯ ಕಡೆ ನೋಡಿದ. ಬೇಡ ಎಂದು ಒಂದು ಸನ್ನೆ ಮಾಡಿದ್ದರೂ ಪಂಜನ್ನು ಹೊಳೆಗೆ ಎಸೆದುಬಿಡುತ್ತಿದ್ದೆ ಎಂದು ಅವನು ಈಗಲೂ ನಂಬುತ್ತಾನೆ. ಅವಳು ಹಚ್ಚು ಎಂಬಂತೆ ಗಲ್ಲ ಆಡಿಸಿದಳು. ಅವನು ಹಚ್ಚಿದ.

ಒಣಗಿದ ಕಾಗದ ಬೇಗ ಹತ್ತಿಕೊಂಡಿತು. ಲಂಗ, ಎದೆ, ಕುತ್ತಿಗೆ. ಒಳಗಿನ ಹಗ್ಗ ಸುಟ್ಟು ತುಂಡಾಯಿತು ಅಂತ ಕಾಣುತ್ತದೆ, ದವಡೆ ತಾನಾಗಿ ಕೆಳಗೆ ಬಿತ್ತು. ಬೆಂಕಿಯ ನಡುವೆ ಬಾಯಿ ಪೂರ್ತಿ ತೆರೆದುಕೊಂಡಿತು. ಭಾನುವಾರದ ತಮಾಷೆ ಯಾರಿಗೂ ಮರೆತಿರಲಿಲ್ಲ. ಈ ಸಲ ಒಬ್ಬನಲ್ಲ, ಊರಿಗೆ ಊರೇ ಒಂದೇ ದನಿಯಲ್ಲಿ ಕೂಗಿತು.

"ಓರಿಯಾ...ನೋ!"

ಮಕ್ಕಳು, ಮುದುಕರು, ಬ್ಯಾಂಡಿನವರು, ಎಲ್ಲರೂ. ನಗು ಹೊಳೆಯ ಆಚೆ ದಡಕ್ಕೆ ಹೋಗಿ ಬಂತು. ಎಲ್ಲರ ಕಣ್ಣು ಓರಿಯಾನೊನ ಮೇಲಿತ್ತು, ಅವನೂ ನಗಲಿ ಎಂದು. ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು, ತಲೆ ಹಿಂದಕ್ಕೆ ಹಾಕಿ ನಕ್ಕ. ನಗುತ್ತಲೇ ಕುರ್ಚಿಯ ಕಡೆ ಕಣ್ಣು ಹಾಯಿತು. ಚೆಸೀರಾಳೂ ನಗುತ್ತಿದ್ದಳು. ಆದರೆ ಬಾಯಿಯ ಮೇಲೆ ಅಂಗೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು.

ಮಾರನೆಯ ದಿನ ಚರ್ಚಿನ ನಲವತ್ತು ದಿನದ ಉಪವಾಸದ ಕಾಲ ಶುರುವಾಯಿತು. ಪಾದ್ರಿಗಳು ಹಣೆಗೆ ಬೂದಿ ಹಚ್ಚಿದರು, ಬೀದಿ ಗುಡಿಸುವವರು ಬಣ್ಣದ ಕಾಗದದ ಚೂರು ಗುಡಿಸಿದರು. ಓರಿಯಾನೊ ಬಾಕಿ ಬಿದ್ದಿದ್ದ ಬೋರ್ಡುಗಳನ್ನು ಎಳೆದುಕೊಂಡ. ಅತ್ತೆಗೆ ಹಬ್ಬದ ದಣಿವು ಇರಬೇಕು, ಮಲಗಿರಲಿ ಎಂದುಕೊಂಡ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಸಾರು, ಸಂಜೆ ಹಾಲು ಕೊಂಡೊಯ್ದ, ಹೋದಾಗಲೆಲ್ಲ ಕೈ ಕೊಟ್ಟು ಬಚ್ಚಲಿಗೆ ನಡೆಸಿದ. ಅವಳು ತಿಂದಳು, ಚೆನ್ನಾಗಿದೆ ಎಂದಳು. ಅವನು ತಟ್ಟೆ ಎತ್ತಿಕೊಂಡು ಬಂದ. ದಿನಗಳು ಹಾಗೇ ಹೋದವು. ಕೆಲಸ ಮಾತ್ರ ಸರಾಗವಾಗಿ ಸಾಗುತ್ತಿತ್ತು.

ಒಂದು ಬೆಳಿಗ್ಗೆ ಬೇಕರಿಯ ಉದ್ದ ಬೋರ್ಡಿನ ಕೊನೆಯ ಅಕ್ಷರ ಮುಗಿಸಿ ಹಿಂದೆ ಸರಿದು ನೋಡಿದ. ಅಕ್ಷರಗಳೆಲ್ಲ ಒಂದೇ ಸಮ ಬಂದಿದ್ದವು. ಮೊದಲೆಲ್ಲ ಹಾಗೆ ಬರುತ್ತಿರಲಿಲ್ಲ. ನಡುವೆ ಎದ್ದು ಹೋಗಿ ಬಂದು ಹಿಡಿದ ಕಡೆ ಕುಂಚದ ಗೆರೆ ತುಸು ಬದಲಾಗುತ್ತಿತ್ತು. ಅದೇ ಹೊತ್ತಿಗೆ ದಿರ್ಚೆ ಬಾಗಿಲಲ್ಲಿ ತಲೆ ಹಾಕಿದಳು. ಕೈಯಲ್ಲಿ ತರಕಾರಿ ಚೀಲ. ಆ ಸೋಮವಾರದಿಂದ ಅವಳು ಅವನೊಡನೆ ಮಾತು ಬಿಟ್ಟಿದ್ದಳು.

"ಅಮ್ಮನಿಗೆ ಹುಷಾರಿಲ್ವಾ?" ಎಂದಳು.

"ಚೆನ್ನಾಗಿದಾರೆ. ಯಾಕೆ?"

"ಬೀದೀಲಿ ಧ್ವನಿನೇ ಇಲ್ಲ. ಕಾರ್ನಿವಲ್ ಆದ್ಮೇಲೆ ಒಂದ್ಸಲಾನೂ ನಿನ್ನ ಕರೆದಿಲ್ಲ. ಯಾರೂ ಗಮನಿಸಲಿಲ್ವಾ, ನೀನೂ ಗಮನಿಸಲಿಲ್ವಾ?"

ಅವನು ಗಮನಿಸಿದ್ದ. ಸುಳ್ಳು ಹೇಳಿ ಏನು ಪ್ರಯೋಜನ? ಮೊದಲ ದಿನವೇ ಗಮನಿಸಿದ್ದ, ಮತ್ತು ಅವನಿಗೆ ಹಾಯೆನಿಸಿತ್ತು. ಅವಳಿಗೆ ಬುದ್ಧಿ ಬಂತು ಎಂದು ಮನಸ್ಸಿನ ಯಾವುದೋ ಮೂಲೆ ಅಂದಿತ್ತು. ಈಗ ದಿರ್ಚೆಯ ಮುಂದೆ ಅದು ನೆನಪಾಗಿ ಅವನ ಕಿವಿ ಸುಟ್ಟಿತು. ಕುಂಚ ಕೆಳಗಿಟ್ಟು ಮೆಟ್ಟಿಲು ಹತ್ತಿದ.

ಚೆಸೀರಾ ಕುರ್ಚಿಯಲ್ಲೇ ಇದ್ದಳು. ನೀರಿನ ಹೂಜಿ ಮೇಜಿನ ಆಚೆ ತುದಿಯಲ್ಲಿ, ಅವನು ಬೆಳಿಗ್ಗೆ ಇಟ್ಟಲ್ಲೇ, ಅವಳ ಕೈಗೆ ಎಟುಕದಷ್ಟು ದೂರದಲ್ಲಿ ತುಂಬಿಕೊಂಡಿತ್ತು. ಕಿಟಕಿ ತೆರೆದೇ ಇತ್ತು, ಕೋಣೆ ಕೊರೆಯುತ್ತಿತ್ತು. ಅವಳು ಶಾಲನ್ನು ಮಡಿಲ ಮೇಲೆ ಎರಡು ಕೈಯಿಂದ ಒತ್ತಿ ಹಿಡಿದಿದ್ದಳು. ಕುರ್ಚಿಯ ಕೆಳಗೆ ಹಲಗೆಯ ನೆಲ ಒದ್ದೆಯಾಗಿತ್ತು.

"ನೋಡ್ಬೇಡ. ಆ ಕಡೆ ತಿರುಗು," ಎಂದಳು.

ಅವನು ತಿರುಗಲಿಲ್ಲ.

"ಯಾಕತ್ತೆ ಕರೀಲಿಲ್ಲ?"

"ಎದ್ದು ಬಚ್ಚಲಿಗೆ ಹೋಗಬಹುದು ಅನ್ಕೊಂಡೆ. ಆಗ್ಲಿಲ್ಲ."

"ಕೆಳಗೇ ಇದ್ನಲ್ಲ ನಾನು. ಒಂದು ಕೂಗು ಹಾಕಿದ್ರೆ ಬರ್ತಿದ್ದೆ."

"ಬರ್ತಿದ್ದೆ, ಗೊತ್ತು." ಅವಳ ಕೈ ಶಾಲು ಬಿಟ್ಟು ಮೇಲಕ್ಕೆ ಬಂತು. ಬಾಯಿಯ ಮುಂದೆ ಅಂಗೈ ಅಡ್ಡ ಹಿಡಿದುಕೊಂಡು ಮಾತಾಡಿದಳು. "ಬಂದು ನನ್ನ ಮುಖ ನೋಡ್ತಿದ್ದೆ. ಕೂಗೋವಾಗ ಹೇಗೆ ಕಾಣ್ತೀನಿ ಅಂತ ನಂಗೆ ಈ ವಯಸ್ಸಿನವರೆಗೂ ಗೊತ್ತೇ ಇರ್ಲಿಲ್ಲ ಕಣೋ. ಯೋಲೆ ಯಾವತ್ತೂ ಹೇಳ್ಲಿಲ್ಲ."

ಅವನು ಮಂಡಿಯೂರಿದ. ಅವಳ ಚಪ್ಪಲಿ ತೆಗೆದ, ಒದ್ದೆ ಕಾಲುಚೀಲ ಎಳೆದು ತೆಗೆದ. ಪಾದ ಹಿಮದ ಹಾಗಿತ್ತು. ಎಷ್ಟು ಹೊತ್ತಿನಿಂದ ಹೀಗೆ ಕೂತಿದ್ದಳೋ. ಒಂದೊಂದು ಅಕ್ಷರಕ್ಕೂ ಕುಂಚ ಅದ್ದಿ ಅದ್ದಿ ಅವನು ಕೆಳಗೆ ಬರೆಯುತ್ತಿದ್ದ ಹೊತ್ತೆಲ್ಲ ಅವಳು ಇಲ್ಲಿ ತುಟಿ ಬಿಗಿಹಿಡಿದು ಕೂತಿದ್ದಳು. ಅವನು ಆ ಪಾದಗಳನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡ. ಅಳು ಬಂತು. ಯೋಲೆ ಸತ್ತಾಗಲೂ ಅವನು ಇಷ್ಟು ಕೆಟ್ಟದಾಗಿ ಅತ್ತಿರಲಿಲ್ಲ. ಆಗಿನ ಅಳುವಿನಲ್ಲಿ ನಾಚಿಕೆ ಇರಲಿಲ್ಲ.

"ಕರೀರಿ ಅತ್ತೆ," ಎಂದ. "ಈಗ ಒಂದ್ಸಲ ಕರೀರಿ. ಬೀದಿಗೆಲ್ಲ ಕೇಳ್ಲಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಎದುರಿಗೇ ಇದೀಯಲ್ಲೋ. ಯಾಕೆ ಕರೀಲಿ?"

"ಆದ್ರೂ ಕರೀರಿ."

ಅವಳಿಗೆ ಅವನನ್ನು ಕಂಡು ಕನಿಕರವಾಯಿತು. ಅಷ್ಟು ಬೇಡಿಕೊಳ್ಳುವವನಿಗೆ ಇಲ್ಲ ಅನ್ನುವುದು ಅವಳ ಸ್ವಭಾವವೂ ಅಲ್ಲ. ಅಂಗೈಯನ್ನು ಬಾಯಿಯಿಂದ ತೆಗೆಯದೆ, ತುಟಿ ತೆರೆಯಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಹೊರಗಿನವರ ಜೊತೆ ಮಾತಾಡುವಾಗಿನ ಮರ್ಯಾದೆಯ ದನಿಯಲ್ಲಿ, "ಓರಿಯಾನೊ," ಎಂದಳು. ಅದು ಬಾಗಿಲವರೆಗೂ ಕೇಳಿಸಲಿಲ್ಲ.